ಅದಿರು ಧೂಳಿನ ದಾರಿಯಲ್ಲಿ ಅಡಾಸ್: ಕಾರಿಗೆ ಎಷ್ಟು ಬಿಡಬೇಕು, ಎಲ್ಲಿ ಬಿಡಬಾರದು

ಭಾರತದ ಶೋರೂಮುಗಳಲ್ಲಿ ಇವತ್ತು ಮಾರಾಟಕ್ಕಿರುವ ಯಾವ ಕಾರೂ ಚಾಲಕನಿಲ್ಲದೆ ಓಡುವಂಥದ್ದಲ್ಲ. ಅಡಾಸ್ ಅಂದರೆ ಓಡಿಸುವಾಗ ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ. 'ಲೆವೆಲ್ 2 ಅಡಾಸ್' ಅಂದರೆ ಇಷ್ಟೇ: ಸ್ಟೀರಿಂಗ್‌ಗೂ ಬ್ರೇಕು, ಆಕ್ಸಿಲರೇಟರ್‌ಗೂ ಕಾರು ಒಟ್ಟಿಗೇ ಕೈ ಹಾಕಬಲ್ಲದು. ರಸ್ತೆ ನೋಡುವ ಕೆಲಸ ಮತ್ತು ಆದದ್ದಕ್ಕೆಲ್ಲ ಹೊಣೆ ಚಾಲಕನದೇ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ 0ಯಿಂದ 5ರವರೆಗೆ ಆರು ಮೆಟ್ಟಿಲಿವೆ. ಅದರಲ್ಲಿ 2ರಿಂದ 3ಕ್ಕೆ ಹತ್ತುವುದೇ ಕಷ್ಟದ್ದು, ಯಾಕೆಂದರೆ 3ರಲ್ಲಿ ರಸ್ತೆ ನೋಡುವ ಹೊಣೆ ಕಾರಿಗೆ ಬೀಳುತ್ತದೆ. ಮರ್ಸಿಡಿಸ್ 2022ರಲ್ಲಿ ಜರ್ಮನಿಯಲ್ಲಿ ಆ ಮೆಟ್ಟಿಲು ಹತ್ತಿದಾಗಲೂ ಅದಕ್ಕಿದ್ದ ಅನುಮತಿ ಹೆದ್ದಾರಿಯಲ್ಲಿ, ಗಂಟೆಗೆ 60 ಕಿ.ಮೀ. ಒಳಗಿನ ವೇಗಕ್ಕೆ ಮಾತ್ರ.

ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇಂಥ ಕಾರು ಇಟ್ಟುಕೊಂಡವರು ಕೇಳಿಕೊಳ್ಳಬೇಕಾದ ಪ್ರಶ್ನೆ 'ಈ ಕಾರು ಎಷ್ಟು ಜಾಣ' ಎನ್ನುವುದಲ್ಲ. 'ಈ ಹತ್ತು ಕಿಲೋಮೀಟರಿನಲ್ಲಿ ಯಾವ ಸೌಲಭ್ಯ ಆನ್ ಇರಬೇಕು, ಯಾವುದು ಆಫ್' ಎನ್ನುವುದು. ರಸ್ತೆ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಚಾಲಕರಿಲ್ಲದ ವಾಹನ ಎಲ್ಲಿ ನಿಜವಾಗಿ ನಡೆಯುತ್ತಿದೆ ಎಂದು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಸಂಡೂರಿನವರಿಗೆ ಗುರುತು ಹತ್ತುವ ಉದಾಹರಣೆ ಆಸ್ಟ್ರೇಲಿಯಾದ ಪಿಲ್ಬರಾದ್ದು. ಅಲ್ಲಿಯದೂ ಕಬ್ಬಿಣದ ಅದಿರಿನ ಗಣಿ. ಅಲ್ಲಿ ರಿಯೊ ಟಿಂಟೊ ಕಂಪನಿ 2008ರಿಂದ ಚಾಲಕರಿಲ್ಲದ ದೈತ್ಯ ಡಂಪರುಗಳನ್ನು ಓಡಿಸುತ್ತಿದೆ. ಅದು ಸಾಧ್ಯವಾಗಿದ್ದು ಗಣಿಯ ರಸ್ತೆ ಹೊರಗಿನವರಿಗೆ ಮುಚ್ಚಿರುವುದರಿಂದ: ಒಳಗೆ ಬರುವ ಪ್ರತಿ ವಾಹನ ಎಲ್ಲಿದೆ ಎಂದು ವ್ಯವಸ್ಥೆಗೆ ಗೊತ್ತು, ಎಮ್ಮೆ ಅಡ್ಡ ಬರುವುದಿಲ್ಲ, ಎದುರು ದಿಕ್ಕಿನಿಂದ ಟ್ರ್ಯಾಕ್ಟರ್ ಬರುವುದಿಲ್ಲ. ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ವೇಮೊ ಟ್ಯಾಕ್ಸಿಗಳು ಚಾಲಕರಿಲ್ಲದೆ ಜನರನ್ನು ಒಯ್ಯುತ್ತವೆ ನಿಜ. ಆದರೆ ಮೊದಲೇ ಇಂಚಿಂಚು ನಕ್ಷೆ ಮಾಡಿಕೊಂಡ ಪ್ರದೇಶದೊಳಗೆ, ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವುದು), ರಾಡಾರ್ (ರೇಡಿಯೊ ಅಲೆಯಿಂದ ಅಳೆಯುವುದು), ಕ್ಯಾಮೆರಾ ಮೂರನ್ನೂ ಕಾರಿನ ಸುತ್ತ ಹೊತ್ತುಕೊಂಡು. ನಮ್ಮ ಕಾರಿನಲ್ಲಿರುವುದು ಗಾಜಿನ ಹಿಂದೆ ಒಂದು ಕ್ಯಾಮೆರಾ, ಬಹಳವೆಂದರೆ ಬಂಪರಿನ ಹಿಂದೆ ರಾಡಾರ್.

ಇನ್ನೊಂದು ಘಟನೆಯನ್ನೂ ನೆನಪಿಡಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರೊಂದು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಅವರು ತೀರಿಕೊಂಡರು. ತನಿಖೆಯಲ್ಲಿ ಗೊತ್ತಾಗಿದ್ದು: ಕಾರಿನ ಸಂವೇದಕಗಳಿಗೆ ಅವರು ಕೆಲವು ಸೆಕೆಂಡು ಮೊದಲೇ ಕಂಡಿದ್ದರು, ಆದರೆ ಕಂಡದ್ದು ವಾಹನವೋ ಸೈಕಲ್ಲೋ ಬೇರೇನೋ ಎಂದು ಸಾಫ್ಟ್‌ವೇರ್ ಮತ್ತೆ ಮತ್ತೆ ಅಭಿಪ್ರಾಯ ಬದಲಿಸುತ್ತ ಹೋಯಿತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಎಂಬ ಎಣಿಕೆಯೇ ಅದರಲ್ಲಿರಲಿಲ್ಲ. ಒಳಗೆ ಕುಳಿತಿದ್ದ ಚಾಲಕಿಯ ಕಣ್ಣು ಫೋನಿನ ಮೇಲಿತ್ತು. ಹುಣ್ಣಿಮೆಗೆ ಹುಲಿಗಿಯ ಕಡೆ, ಜಾತ್ರೆಗೆ ಕೊಪ್ಪಳದ ಗವಿಮಠದ ಕಡೆ, ಮಂತ್ರಾಲಯದ ದಾರಿಯಲ್ಲಿ ರಾತ್ರಿಯಿಡೀ ಜನ ನಡೆದು ಹೋಗುವ ಸೀಮೆ ನಮ್ಮದು. ಇಲ್ಲಿ ಜೀಬ್ರಾ ಪಟ್ಟೆಯ ಮೇಲೆ ದಾಟುವವರೇ ಅಪರೂಪ.

ಮೊದಲು ಕಾರಿನ ಕಣ್ಣು ಎಲ್ಲಿದೆ ಎಂದು ಗುರುತಿಸಿ

ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿದಂತೆ ಇರುವ ಕಪ್ಪು ಪೆಟ್ಟಿಗೆಯೇ ಮುಂದಿನ ಕ್ಯಾಮೆರಾ. ರಾಡಾರ್ ಇದ್ದರೆ ಅದು ಮುಂದಿನ ಲಾಂಛನದ ಹಿಂದೆ ಅಥವಾ ಬಂಪರಿನ ಕೆಳಜಾಲರಿಯಲ್ಲಿ ಚಪ್ಪಟೆ ಕಪ್ಪು ಫಲಕದಂತೆ ಕಾಣುತ್ತದೆ. ಹಿಂಬದಿಯ ವಾಹನ ನೋಡುವ ರಾಡಾರುಗಳು ಹಿಂದಿನ ಬಂಪರಿನ ಎರಡು ಮೂಲೆಗಳ ಒಳಗೆ ಇರುತ್ತವೆ, ಹೊರಗೆ ಕಾಣುವುದಿಲ್ಲ. ಬಂಪರಿನ ಮೇಲಿನ ದುಂಡು ಗುಂಡಿಗಳು ಪಾರ್ಕಿಂಗ್‌ಗೆ ಮಾತ್ರ. ಹೋಂಡಾ ಸಿಟಿ, ಎಲಿವೇಟ್ ಮುಂದಿನದನ್ನು ನೋಡಲು ಕ್ಯಾಮೆರಾ ಒಂದನ್ನೇ ನೆಚ್ಚಿವೆ. ಮಹೀಂದ್ರ ಎಕ್ಸ್‌ಯುವಿ700, ಟಾಟಾ ಹ್ಯಾರಿಯರ್‌ನಲ್ಲಿ ಕ್ಯಾಮೆರಾ ಜತೆ ರಾಡಾರೂ ಇದೆ. ನಿಮ್ಮ ಕಾರು ಯಾವ ಬಗೆಯದು ಎಂಬುದು ಮುಖ್ಯ: ಕ್ಯಾಮೆರಾ ಮಾತ್ರ ಇರುವ ಕಾರಿಗೆ ಧೂಳು, ಎದುರು ಬಿಸಿಲು, ಮಂಜು ಮೂರೂ ನೇರ ಹೊಡೆತ. ರಾಡಾರ್ ಧೂಳಿನೊಳಗೂ ನೋಡುತ್ತದೆ, ಆದರೆ ಅದರ ಮುಖಕ್ಕೇ ಕೆಸರು ಮೆತ್ತಿಕೊಂಡರೆ ಅದೂ ಕುರುಡು.

ತೋರಣಗಲ್ಲು, ಸಂಡೂರು, ಕುಡತಿನಿಯ ಕಡೆ ದಿನವೂ ಓಡಾಡುವವರು ಗಾಜನ್ನು ದಿನಕ್ಕೊಮ್ಮೆ ತೊಳೆಯಲೇಬೇಕು. ಒಣಬಟ್ಟೆಯಿಂದ ಒರೆಸಬೇಡಿ. ಅದಿರಿನ ಕೆಂಪು ಧೂಳು ಹೆಮಟೈಟ್, ಗಾಜಿನಷ್ಟೇ ಗಡಸು. ಒಣಗಿದ್ದನ್ನು ತಿಕ್ಕಿದರೆ ಸೂಕ್ಷ್ಮ ಗೀರು ಬೀಳುತ್ತದೆ, ಮೇಲಿಂದ ಒಣ ವೈಪರ್ ಆಡಿಸಿದರೆ ಅದೇ ಗೀರು ಕಮಾನಾಗಿ ಉಳಿಯುತ್ತದೆ. ಹಗಲು ಅದು ನಿಮಗೆ ಕಾಣದಿರಬಹುದು. ರಾತ್ರಿ ಎದುರಿನ ಹೆಡ್‌ಲೈಟ್ ಆ ಗೀರಿನ ಮೇಲೆ ಚದುರಿದಾಗ ಕ್ಯಾಮೆರಾಕ್ಕೆ ಗೆರೆಯೂ ಕಾಣದು, ಮನುಷ್ಯನೂ ಕಾಣದು. ಮೊದಲು ಒಂದು ಮಗ್ ನೀರು ಸುರಿದು ಧೂಳು ಇಳಿಸಿ, ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ವಾಷರ್ ಡಬ್ಬಿ ಯಾವಾಗಲೂ ತುಂಬಿರಲಿ. ವೈಪರ್ ಬ್ಲೇಡನ್ನು ವರ್ಷಕ್ಕೊಮ್ಮೆ, ಬೇಸಿಗೆ ಮುಗಿದು ಮಳೆ ಹಿಡಿಯುವ ಮೊದಲು ಬದಲಿಸಿ. ನಮ್ಮ ಬಿಸಿಲಿಗೆ ರಬ್ಬರ್ ಒಡೆಯುತ್ತದೆ. ವಾಟರ್ ವಾಶ್‌ನವರಿಗೆ ರಾಡಾರ್ ಫಲಕಕ್ಕೆ ಪ್ರೆಶರ್ ಗನ್ ಹತ್ತಿರ ಹಿಡಿಯಬೇಡಿ ಎಂದು ಹೇಳಿ.

ಆಯುಧ ಪೂಜೆಗೆ ಬಾನೆಟ್ ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟುವುದು ನಮ್ಮ ಪದ್ಧತಿ. ಕಟ್ಟಿ, ಪೂಜೆ ಮಾಡಿ. ಆದರೆ ಹಾಗೆಯೇ ಹೆದ್ದಾರಿಗೆ ಇಳಿಯಬೇಡಿ. ನೀರು ತುಂಬಿದ ಬಾಳೆಕಂದು ರಾಡಾರ್ ಅಲೆಯನ್ನು ತಡೆಯುತ್ತದೆ. ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ವಿಭೂತಿ, ಕುಂಕುಮ, ದೇವರ ಸ್ಟಿಕ್ಕರ್ ಬೇಡ. ಬೊಟ್ಟು ಗಾಜಿನ ಕೆಳಮೂಲೆಗೆ ಇಟ್ಟರೆ ತೊಂದರೆಯಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಹೊಳೆಯುವ ಬಟ್ಟೆ ಹಾಸಿದರೆ ಅದರ ಪ್ರತಿಬಿಂಬ ಗಾಜಿನಲ್ಲಿ ಬಿದ್ದು ಕ್ಯಾಮೆರಾವನ್ನು ಗಲಿಬಿಲಿ ಮಾಡುತ್ತದೆ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದಂತೂ ಬೇಡವೇ ಬೇಡ. ರಾಡಾರಿಗೆ ಅದು ಗೋಡೆ ಇದ್ದಂತೆ. ಅದರ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ.

ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರು ಸ್ಟಾರ್ಟ್ ಆದೊಡನೆ 'ಕ್ಯಾಮೆರಾ ಬಿಸಿಯಾಗಿದೆ' ಎಂದೋ 'ಅಡಾಸ್ ಲಭ್ಯವಿಲ್ಲ' ಎಂದೋ ತೋರಿಸಬಹುದು. ಕೆಟ್ಟಿದೆ ಎಂದು ಗಾಬರಿ ಬೇಡ. ಎಸಿಯನ್ನು ಗಾಜಿನ ಕಡೆ ತಿರುಗಿಸಿ ಕೆಲವು ನಿಮಿಷ ಓಡಿಸಿದರೆ ಸರಿಹೋಗುತ್ತದೆ. ಆದರೆ ಆ ಕೆಲವು ನಿಮಿಷ, ಡಿಕ್ಕಿ ತಪ್ಪಿಸಲು ಕಾರು ತಾನೇ ಹಾಕುವ ತುರ್ತು ಬ್ರೇಕ್ ಕೂಡ ಇರುವುದಿಲ್ಲ, ಅದು ಗೊತ್ತಿರಲಿ. ಗಾಜಿನ ಒಳಗೆ ಬಿಸಿಲುಪರದೆ ಇಟ್ಟರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಗಾಜು ಬದಲಿಸಿದರೆ, ಬಂಪರಿಗೆ ಬಣ್ಣ ಹೊಡೆದರೆ

ಟಿಪ್ಪರಿನಿಂದ ಸಿಡಿದ ಅದಿರಿನ ಕಲ್ಲಿಗೆ ಮುಂದಿನ ಗಾಜು ಒಡೆಯುವುದು ಇಲ್ಲಿ ದಿನದ ಮಾತು. ಅಡಾಸ್ ಇರುವ ಕಾರಿಗೆ ಹೊಸ ಗಾಜು ಕೂರಿಸಿದ ಮೇಲೆ ಕ್ಯಾಮೆರಾವನ್ನು ಕ್ಯಾಲಿಬ್ರೇಟ್ ಮಾಡಿಸಲೇಬೇಕು, ಅಂದರೆ ಅದರ ನೋಟದ ದಿಕ್ಕನ್ನು ಅಳೆದು ಸರಿಹೊಂದಿಸಬೇಕು. ಒಂದು ಡಿಗ್ರಿ ತಪ್ಪಿದರೂ 60 ಮೀಟರ್ ಮುಂದೆ ಒಂದು ಮೀಟರ್ ಪಕ್ಕದ್ದನ್ನು ನೋಡುತ್ತದೆ. ಪಕ್ಕದ ಪಥದ ಲಾರಿಯನ್ನು ನಮ್ಮ ಪಥದ್ದೆಂದು ಬ್ರೇಕ್ ಹಾಕೀತು, ನಮ್ಮ ಮುಂದಿನ ಬೈಕನ್ನು ಬಿಟ್ಟೀತು. ಕ್ಯಾಲಿಬ್ರೇಶನ್‌ಗೆ ಎರಡು ದಾರಿ. ಒಂದರಲ್ಲಿ ಸಮತಟ್ಟು ನೆಲದ ಮೇಲೆ ಕಾರು ನಿಲ್ಲಿಸಿ, ಅಳೆದಿಟ್ಟ ದೂರದಲ್ಲಿ ಗುರುತಿನ ಫಲಕ ಇಟ್ಟು ಸ್ಕ್ಯಾನರ್ ಹಚ್ಚುತ್ತಾರೆ. ಇನ್ನೊಂದರಲ್ಲಿ ಸ್ಕ್ಯಾನರ್ ಹಚ್ಚಿಕೊಂಡೇ ಗೆರೆ ಚೆನ್ನಾಗಿರುವ ರಸ್ತೆಯಲ್ಲಿ ಓಡಿಸುತ್ತಾರೆ. ಯಾವುದು ಬೇಕೆಂದು ಕಂಪನಿಯ ಕೈಪಿಡಿ ಹೇಳುತ್ತದೆ. ಹೊರಗಿನ ಗಾಜಿನಂಗಡಿಯಲ್ಲಿ ಗಾಜು ಹಾಕಿಸಿದರೆ ಆ ಸಲಕರಣೆ ಅವರಲ್ಲಿದೆಯೇ ಎಂದು ಮೊದಲೇ ಕೇಳಿ, ಮುಗಿದ ಮೇಲೆ ವರದಿಯ ಪ್ರತಿ ಇಸಿದುಕೊಳ್ಳಿ. ವಿಮೆಯ ಅಂದಾಜುಪಟ್ಟಿಯಲ್ಲಿ ಗಾಜಿನ ಬೆಲೆಯ ಜತೆ ಕ್ಯಾಲಿಬ್ರೇಶನ್ ಖರ್ಚನ್ನೂ ಸೇರಿಸಲು ಹೇಳಿ. ಆಮೇಲೆ ಸೇರಿಸುವುದು ಕಷ್ಟ.

ಬಂಪರ್ ಬಿಚ್ಚಿ ಕೂರಿಸಿದಾಗ, ಚಕ್ರದ ಅಲೈನ್‌ಮೆಂಟ್ ತುಂಬ ತಪ್ಪಿದ್ದು ಸರಿಪಡಿಸಿದಾಗ, ಸಸ್ಪೆನ್ಶನ್ ಎತ್ತರ ಬದಲಾದಾಗಲೂ ಪರೀಕ್ಷೆ ಮಾಡಿಸಿ. ರಾಡಾರಿನ ಮುಂದಿನ ಭಾಗಕ್ಕೆ ಪುಟ್ಟಿ ಮೆತ್ತಿ ದಪ್ಪ ಬಣ್ಣ ಹೊಡೆಸಬೇಡಿ. ಲೋಹದ ಪುಡಿಯಿರುವ ಬಣ್ಣ ಅಲೆಯನ್ನು ತಿನ್ನುತ್ತದೆ.

ನಿಂತ ಲಾರಿ: ಇದನ್ನು ಎರಡು ಸಲ ಓದಿ

ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಅಂದರೆ ನೀವು ಇಟ್ಟ ವೇಗವನ್ನೂ ಮುಂದಿನ ವಾಹನದಿಂದ ಅಂತರವನ್ನೂ ಕಾರು ತಾನೇ ಕಾಯುವ ಸೌಲಭ್ಯ. ಮುಂದೆ ಓಡುತ್ತಿರುವ ವಾಹನವನ್ನು ಅದು ಚೆನ್ನಾಗಿ ಹಿಂಬಾಲಿಸುತ್ತದೆ. ಅದರ ದೊಡ್ಡ ಬಲಹೀನತೆ ನಿಂತ ವಾಹನ. ಕಾರಣ ಹೀಗಿದೆ. ರಸ್ತೆ ಬದಿಯ ಕಂಬ, ಫಲಕ, ಸೇತುವೆಯ ಕಬ್ಬಿಣ ಎಲ್ಲದರಿಂದಲೂ ರಾಡಾರ್ ಅಲೆ ಮರಳುತ್ತದೆ. ನಿಂತದ್ದಕ್ಕೆಲ್ಲ ಬ್ರೇಕ್ ಹಾಕಿದರೆ ಕಾರು ಹೆಜ್ಜೆ ಹೆಜ್ಜೆಗೂ ನಿಲ್ಲಬೇಕಾಗುತ್ತದೆ. ಅದಕ್ಕೇ ವೇಗ ಹೆಚ್ಚಿದ್ದಾಗ, ಮೊದಲಿನಿಂದಲೂ ನಿಂತೇ ಇರುವ ವಸ್ತುವಿಗೆ ಸಾಫ್ಟ್‌ವೇರ್ ಕಡಿಮೆ ಬೆಲೆ ಕೊಡುತ್ತದೆ, ಕ್ಯಾಮೆರಾ ಗುರುತಿಸುವವರೆಗೆ ಕಾಯುತ್ತದೆ. ರಾತ್ರಿ, ಹಿಂದೀಪವಿಲ್ಲದ, ಧೂಳು ಮೆತ್ತಿ ರಿಫ್ಲೆಕ್ಟರ್ ಮುಚ್ಚಿಹೋದ ಟ್ರೇಲರನ್ನು ಕ್ಯಾಮೆರಾ ತಡವಾಗಿಯೇ ಗುರುತಿಸುತ್ತದೆ. ಪಂಕ್ಚರ್ ಆಗಿ ಅರ್ಧ ರಸ್ತೆಯ ಮೇಲೇ ನಿಂತ ಅದಿರು ಲಾರಿ, ಹಿಂದೆ ಎರಡು ಕಲ್ಲು, ಒಂದು ಬೇವಿನ ಟೊಂಗೆ: ಈ ಚಿತ್ರ ಗೊತ್ತಿಲ್ಲದವರು ಇಲ್ಲಿಲ್ಲ. ಬೇವಿನ ಟೊಂಗೆಯ ಅರ್ಥ ಕಾರಿನ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ನೀವು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ 42 ಮೀಟರ್ ಆಗಲೇ ಹೋಯಿತು. ಒಣ ಡಾಂಬರಿನ ಮೇಲೆ ಒಳ್ಳೆಯ ಟಯರ್ ಇದ್ದು ಗಟ್ಟಿ ಬ್ರೇಕ್ ಹಾಕಿದರೆ ನಿಲ್ಲಲು ಇನ್ನೂ 55 ಮೀಟರ್. ಒಟ್ಟು 97. 80ರಲ್ಲಿ ಅದು 68 ಮೀಟರ್, 60ರಲ್ಲಿ 45. ಡಿಮ್ ಲೈಟಿನಲ್ಲಿ ದೀಪವಿಲ್ಲದ ಟ್ರೇಲರ್ ಕಾಣುವುದು ಸುಮಾರು 50 ಮೀಟರಿನಿಂದ. ಆದ್ದರಿಂದ ಎದುರು ವಾಹನಗಳಿಂದಾಗಿ ಡಿಮ್‌ನಲ್ಲೇ ಓಡಿಸಬೇಕಾದ ಎರಡು ಪಥದ ರಸ್ತೆಯಲ್ಲಿ ರಾತ್ರಿ ಕ್ರೂಸ್ ಆಫ್ ಮಾಡಿ, 60 ಮೀರಬೇಡಿ. ಇದು ಅತಿಯಾಯಿತು ಎನ್ನಿಸಬಹುದು. ಮೇಲಿನ ಲೆಕ್ಕದಲ್ಲಿ ಬೇರೆ ಉತ್ತರ ಬರುವುದಿಲ್ಲ.

ಹಗಲಿನಲ್ಲೂ ಇದೇ ಅಪಾಯ ಇನ್ನೊಂದು ರೂಪದಲ್ಲಿ ಬರುತ್ತದೆ. ನೀವು ಒಂದು ಕಾರಿನ ಹಿಂದೆ ಕ್ರೂಸ್ ಹಾಕಿ ಹೋಗುತ್ತಿದ್ದೀರಿ. ಅದು ಸರಕ್ಕನೆ ಬಲಕ್ಕೆ ಸರಿಯುತ್ತದೆ. ಮುಂದೆ ನಿಂತ ಟ್ರ್ಯಾಕ್ಟರ್. ನಿಮ್ಮ ಕಾರು 'ದಾರಿ ಖಾಲಿಯಾಯಿತು' ಎಂದು ವೇಗ ಹೆಚ್ಚಿಸಲೂಬಹುದು. ಮುಂದಿನ ವಾಹನ ಕಾರಣವಿಲ್ಲದೆ ಪಥ ಬದಲಿಸಿದ ಕ್ಷಣ ಕಾಲು ಬ್ರೇಕಿನ ಮೇಲೆ ಬರಲಿ.

ಹುಲ್ಲು ತುಂಬಿದ ಟ್ರೇಲರ್, ಹತ್ತಿ ಅಂಡಿಗೆಯ ಲಾರಿಯ ಹಿಂದೆಯೂ ಕ್ರೂಸ್ ಬೇಡ. ಹುಲ್ಲಿನಿಂದ ಅಲೆ ಕಬ್ಬಿಣದಿಂದ ಮರಳುವಷ್ಟು ಗಟ್ಟಿಯಾಗಿ ಮರಳುವುದಿಲ್ಲ. ಹತ್ತಿಯ ಹೊರೆ ಹಿಂದಕ್ಕೂ ಬದಿಗೂ ಚಾಚಿರುತ್ತದೆ, ಆದರೆ ರಾಡಾರ್ ದೂರ ಅಳೆಯುವುದು ಕೆಳಗಿನ ಚಾಸಿಗೆ.

ಎಲ್ಲಿ ಆನ್, ಎಲ್ಲಿ ಆಫ್

ಕುಷ್ಟಗಿಯಿಂದ ಹಿಟ್ನಾಳ ಕ್ರಾಸ್ ದಾಟಿ ಹೊಸಪೇಟೆ, ಅಲ್ಲಿಂದ ಚಿತ್ರದುರ್ಗದವರೆಗಿನ 50ನೇ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥದ್ದು, ನಡುವೆ ವಿಭಜಕವಿದೆ. ಹಗಲಿನಲ್ಲಿ ಅಡಾಸ್ ಚೆನ್ನಾಗಿ ಕೆಲಸ ಮಾಡುವುದು ಇಂಥ ಕಡೆ. ಕ್ರೂಸ್ 80ಕ್ಕೆ, ಅಂತರ ಅತಿ ಹೆಚ್ಚಿನದಕ್ಕೆ ಇಡಿ. ಅಂತರ ಸರಿಯಿದೆಯೇ ಎಂದು ನೋಡಲು ಮುಂದಿನ ವಾಹನ ಒಂದು ಕಿಲೋಮೀಟರ್ ಕಲ್ಲು ದಾಟಿದಾಗ 'ಸಾವಿರದ ಒಂದು, ಸಾವಿರದ ಎರಡು' ಎಂದು ಎಣಿಸಿ. ನೀವು ಕಲ್ಲು ತಲುಪುವ ಮೊದಲು ಎರಡಾದರೂ ಮುಗಿದಿರಬೇಕು. ಆ ಅಂತರದೊಳಗೆ ಬೈಕ್ ನುಗ್ಗುತ್ತದೆ, ಆಗ ಕಾರು ತಾನೇ ಬ್ರೇಕ್ ಹಾಕುತ್ತದೆ, ಹಿಂದಿನ ಟಿಪ್ಪರಿನವನಿಗೆ ಅದರ ಸುಳಿವೇ ಇರುವುದಿಲ್ಲ. ತುಂಬಿದ ಟಿಪ್ಪರ್ ನಿಮ್ಮಷ್ಟು ಬೇಗ ನಿಲ್ಲಲಾರದು. ಹಿಂದೆ ಟಿಪ್ಪರ್ ಅಂಟಿಕೊಂಡಿದ್ದರೆ ಕ್ರೂಸ್ ತೆಗೆದು ಅದನ್ನು ಮುಂದೆ ಬಿಡಿ.

150ಎ ಹೆದ್ದಾರಿಯ ಸಿರುಗುಪ್ಪ, ಸಿಂಧನೂರು, ಮಸ್ಕಿ ಕಡೆ, ಹಾಗೆಯೇ ಗಂಗಾವತಿ ಸುತ್ತಮುತ್ತ ಸುಗ್ಗಿ ಬಂತೆಂದರೆ ರಸ್ತೆಯ ಅಂಚೇ ಕಣ. ಭತ್ತ ಹರವಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಬಿಳಿ ಗೆರೆ ಮುಚ್ಚಿಹೋಗಿ, ಕ್ಯಾಮೆರಾ ಭತ್ತದ ಅಂಚನ್ನೇ ರಸ್ತೆಯ ಅಂಚೆಂದು ಹಿಡಿಯಬಹುದು. ತಲೆಗಾತ್ರದ ಆ ಕಲ್ಲನ್ನು ಅದು ಅಡ್ಡಿಯೆಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಗೆರೆ ನೋಡಿ ಕಾರನ್ನು ಪಥದೊಳಗೆ ಇಡಲು ಸ್ಟೀರಿಂಗ್ ಎಳೆಯುವ ಲೇನ್ ಕೀಪ್ ಇಲ್ಲಿ ಪೂರ್ತಿ ಆಫ್. ಸಂಡೂರಿನ ಬೆಟ್ಟದ ತಿರುವುಗಳಲ್ಲಿ ಕ್ರೂಸ್ ಆಫ್: ತಿರುವಿನಲ್ಲಿ ಮುಂದಿನ ವಾಹನ ರಾಡಾರಿನ ನೋಟದಿಂದ ತಪ್ಪಿದಾಗ ಕಾರು ನೀವು ಹಿಂದೆ ಇಟ್ಟ ವೇಗಕ್ಕೆ ಏರತೊಡಗುತ್ತದೆ.

ಊರೊಳಗೆ ಕ್ರೂಸ್, ಲೇನ್ ಕೀಪ್ ಎರಡೂ ಬೇಡ. ಕುರಿ ಹಿಂಡು, ಎಮ್ಮೆ, ಹಂದಿಯನ್ನು ಗುರುತಿಸುತ್ತೇವೆ ಎಂದು ಕೈಪಿಡಿಗಳು ಸಾಮಾನ್ಯವಾಗಿ ಮಾತು ಕೊಡುವುದಿಲ್ಲ. ಅವು ಹೇಳುವುದು ಕಾರು, ಮನುಷ್ಯ, ಸೈಕಲ್, ಕೆಲವದರಲ್ಲಿ ಬೈಕ್. ಬಣ್ಣ ಹೊಡೆಯದ ಹಂಪ್, ಮಳೆಗೆ ನೀರು ತುಂಬಿದ ಗುಂಡಿ ಯಾವ ಕಾರಿನ ಅಡಾಸ್‌ಗೂ ಬ್ರೇಕ್ ಹಾಕಲು ಕಾರಣವಾಗುವುದಿಲ್ಲ ಎಂದೇ ತಿಳಿದು ಓಡಿಸಿ.

ಗುಂಡಿ ತಪ್ಪಿಸಲು ನೀವು ಸ್ಟೀರಿಂಗ್ ತಿರುಗಿಸಿದಾಗ ಲೇನ್ ಕೀಪ್ ವಾಪಸ್ ಗುಂಡಿಯ ಕಡೆಗೇ ಎಳೆಯುತ್ತದೆ. ಹೆದರಿ ಜಗ್ಗಾಡಬೇಡಿ, ಗಟ್ಟಿಯಾಗಿ ಹಿಡಿದು ತಿರುಗಿಸಿದರೆ ಅದು ಬಿಟ್ಟುಕೊಡುತ್ತದೆ. ಇಂಡಿಕೇಟರ್ ಹಾಕಿ ಸರಿದರೆ ಎಳೆಯುವುದೇ ಇಲ್ಲ. ಹಲವು ಕಾರುಗಳಲ್ಲಿ ಇದು ಸುಮಾರು 60 ಕಿ.ಮೀ. ಮೇಲಷ್ಟೇ ಎಚ್ಚರವಾಗುತ್ತದೆ, ಅದಕ್ಕೇ ಊರು ದಾಟಿ ವೇಗ ಏರಿದಾಗ ದಿಢೀರನೆ ಎಳೆದಂತಾಗುತ್ತದೆ. ಕೈ ಬಿಟ್ಟರೆ ಬರುವ ಎಚ್ಚರಿಕೆಯನ್ನು ಮುಚ್ಚಲು ಸ್ಟೀರಿಂಗ್‌ಗೆ ನೀರಿನ ಬಾಟಲಿ ಸಿಕ್ಕಿಸುವವರಿದ್ದಾರೆ. ಅದನ್ನು ಎಂದೂ ಮಾಡಬೇಡಿ.

ಯಾವತ್ತೂ ಆಫ್ ಮಾಡಬಾರದ್ದು

ಆಟೊಮ್ಯಾಟಿಕ್ ಎಮರ್ಜೆನ್ಸಿ ಬ್ರೇಕ್. ಮೇಲಿನ ಎಲ್ಲ ಕುಂದುಗಳ ನಡುವೆಯೂ ಅಡಾಸ್‌ಗೆ ಕೊಟ್ಟ ಹಣ ಸಾರ್ಥಕವಾಗುವುದು ಇದರಿಂದ. ಬಳ್ಳಾರಿಯಿಂದ ಹಿರಿಯೂರು ಮೇಲೆ ಬೆಂಗಳೂರಿಗೆ 300 ಕಿ.ಮೀ. ಮೀರಿದ ದಾರಿ, ಆಸ್ಪತ್ರೆ ಕೆಲಸ ಮುಗಿಸಿ ರಾತ್ರಿಯೇ ಹೊರಟು ಬರುವವರು ಬಹಳ. ನಸುಕಿನ ಹೊತ್ತಿಗೆ ಒಂದು ಕ್ಷಣ ಕಣ್ಣು ಮುಚ್ಚಿದರೂ ಕಾರು ಎಚ್ಚರವಾಗಿರುತ್ತದೆ. ಪೂರ್ತಿ ನಿಲ್ಲಿಸಲಾಗದಿದ್ದರೂ ಡಿಕ್ಕಿಗೆ ಮೊದಲು 80ನ್ನು 40ಕ್ಕೆ ಇಳಿಸಿದರೆ ಹೊಡೆತದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಿಂದಿನ ಮೂಲೆಯ ರಾಡಾರುಗಳೂ ನಮ್ಮಲ್ಲಿ ಬಹಳ ಉಪಯೋಗ: ಎಡಗಡೆಯಿಂದ ನುಗ್ಗುವ ಬೈಕನ್ನು ಕನ್ನಡಿಗಿಂತ ಮೊದಲೇ ಹೇಳುತ್ತವೆ.

ಬೀಪ್ ಕಿರಿಕಿರಿ ಎಂದು ಎಲ್ಲವನ್ನೂ ಒಟ್ಟಿಗೇ ಆಫ್ ಮಾಡುವುದು ಇಲ್ಲಿ ಕಾಣುವ ದೊಡ್ಡ ತಪ್ಪು. ಸೆಟ್ಟಿಂಗ್ಸ್‌ನಲ್ಲಿ ಲೇನ್ ಎಚ್ಚರಿಕೆಯನ್ನು ಮಾತ್ರ ಆಫ್ ಮಾಡಿ, ಮುಂದಿನ ಡಿಕ್ಕಿಯ ಎಚ್ಚರಿಕೆಯನ್ನು 'ತಡವಾಗಿ'ಗೆ ಇಡಿ, ತುರ್ತು ಬ್ರೇಕ್ ಆನ್ ಇರಲಿ. ಕೆಲವು ಕಾರುಗಳು ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಹಳೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಹೊರಡುವ ಮೊದಲು ಒಮ್ಮೆ ನೋಡಿ. ಕಾರನ್ನು ಟೋ ಮಾಡುವಾಗ, ರೋಲರ್ ಮೇಲಿನ ಬ್ರೇಕ್ ಪರೀಕ್ಷೆಯಲ್ಲಿ ಮಾತ್ರ ತುರ್ತು ಬ್ರೇಕನ್ನೂ ಆಫ್ ಮಾಡಬೇಕು. ಕೆಲಸ ಮಾಡುತ್ತದೆಯೇ ಎಂದು ಗೋಡೆಗೋ ಗೆಳೆಯನಿಗೋ ಎದುರಾಗಿ ಓಡಿಸಿ ನೋಡಬೇಡಿ. ಆಕ್ಸಿಲರೇಟರ್ ಒತ್ತಿದ್ದರೆ ಅದು ನಿಮ್ಮ ಇಚ್ಛೆಯೆಂದು ತಿಳಿದು ಬ್ರೇಕ್ ಬಿಟ್ಟುಬಿಡಬಹುದು.

ಪೂರ್ತಿ ಚಾಲಕರಹಿತ ಕಾರಿನ ಮಾತು ಬಂದಾಗ ದುಡಿಮೆಯ ಪ್ರಶ್ನೆ ಬಂದೇ ಬರುತ್ತದೆ. ಚಾಲಕರ ಕೆಲಸ ಹೋಗುತ್ತದೆ ಎಂಬ ಕಾರಣಕ್ಕೇ ಅಂಥ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೂ 2023ರಲ್ಲೂ ಹೇಳಿದ್ದಾರೆ. ಗಣಿ, ಉಕ್ಕು, ಅಕ್ಕಿ ಗಿರಣಿಯ ಲಾರಿಗಳ ಮೇಲೆ ಊರಿಗೆ ಊರೇ ಬದುಕುವ ಈ ಕಡೆ ಆ ಆತಂಕ ಸಣ್ಣದಲ್ಲ. ಆದರೆ ಅದೇ ಲಾರಿ ಚಾಲಕರಿಗೆ ನಿದ್ದೆಯ ಎಚ್ಚರಿಕೆ, ತುರ್ತು ಬ್ರೇಕ್ ಸಿಗಬೇಕು. ದಣಿದು ಓಡಿಸುವವರಲ್ಲಿ ಅವರೇ ಮೊದಲು.

ಕೊಳ್ಳಲು ಹೊರಟಿದ್ದರೆ ಟೆಸ್ಟ್ ಡ್ರೈವನ್ನು ಶೋರೂಮಿನ ಮುಂದಿನ ರಸ್ತೆಯಲ್ಲಿ ಮುಗಿಸಬೇಡಿ. ನೀವು ದಿನವೂ ಹೋಗುವ ದಾರಿಗೇ, ಸಂಜೆ ಆರರ ಹೊತ್ತಿಗೆ, ಪಡುವಣ ಬಿಸಿಲು ಗಾಜಿಗೆ ನೇರ ಹೊಡೆಯುವಾಗ ಒಯ್ಯಿರಿ. ಗೆರೆ ಎಷ್ಟು ಸಲ ತಪ್ಪಿತು, ಕಾರಣವಿಲ್ಲದೆ ಎಷ್ಟು ಸಲ ಬ್ರೇಕ್ ಬಿತ್ತು ಎಂದು ಪಕ್ಕದವರು ಬರೆದುಕೊಳ್ಳಲಿ. ಕ್ಯಾಲಿಬ್ರೇಶನ್ ಸಲಕರಣೆ ಬಳ್ಳಾರಿ ಅಥವಾ ರಾಯಚೂರಿನ ಸರ್ವೀಸ್ ಸೆಂಟರಿನಲ್ಲೇ ಇದೆಯೋ, ಹುಬ್ಬಳ್ಳಿಗೋ ಬೆಂಗಳೂರಿಗೋ ಒಯ್ಯಬೇಕೋ ಎಂದು ಬರವಣಿಗೆಯಲ್ಲಿ ಕೇಳಿ. ಆಮೇಲೆ ಮುಂದಿನ ಗಾಜಿನ ಬೆಲೆ, ಬಂಪರ್ ರಾಡಾರಿನ ಬೆಲೆ, ಎರಡನ್ನೂ ಬಿಡಿಭಾಗದ ಕೌಂಟರಿನಲ್ಲಿ ವಿಚಾರಿಸಿ. ಸೇಲ್ಸ್‌ನವರಿಗೆ ಅದು ಗೊತ್ತಿರುವುದು ಕಡಿಮೆ.